ಬಲ್ಬ್ ಕೊಳ್ಳುವ ಮೊದಲು ಮೀಟರ್ ಹಿಡಿಯಿರಿ

ವಾಹನ ಪ್ರಶ್ನೋತ್ತರ: ಈ ಸಲ ಹೆಡ್‌ಲೈಟ್ ಮತ್ತು ರಾತ್ರಿ ಸವಾರಿ

ಪ್ರಶ್ನೆ: ನನ್ನದು 2014ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350. ರಾತ್ರಿ ಎಸ್ಟೇಟ್ ರಸ್ತೆಯಲ್ಲಿ ಬೆಳಕು ಸಾಲುವುದೇ ಇಲ್ಲ. ಗ್ಯಾರೇಜಿನವರು 90/100 ವಾಟ್ ಬಲ್ಬ್ ಹಾಕಿಸಿ ಅಂತಾರೆ, ಗೆಳೆಯ ಎಲ್‌ಇಡಿ ಅಂತಾನೆ. ಯಾವುದು ಒಳ್ಳೆಯದು ಸರ್?
– ಓದುಗರು, ಕೊಪ್ಪ

ಸದ್ಯಕ್ಕೆ ಎರಡೂ ಬೇಡ. ನಿಮ್ಮ ಗಾಡಿಯಲ್ಲಿರುವುದು ಎಚ್4 ಹ್ಯಾಲೊಜೆನ್ ಬಲ್ಬ್: ಹೈ ಬೀಮ್‌ಗೆ 60 ವಾಟ್, ಲೋ ಬೀಮ್‌ಗೆ 55. ಪೂರ್ತಿ ವೋಲ್ಟೇಜ್ ಸಿಕ್ಕರೆ ಎಸ್ಟೇಟ್ ರಸ್ತೆಗೆ ಇದು ಧಾರಾಳ. ಸಿಗುತ್ತಿಲ್ಲ ಅನ್ನುವುದೇ ತಕರಾರು. ಬ್ಯಾಟರಿಯಿಂದ ಹೊರಟ ಕರೆಂಟು ಇಗ್ನಿಷನ್ ಕೀ, ಹ್ಯಾಂಡಲ್ ಮೇಲಿನ ಸ್ವಿಚ್, ಹೈ-ಲೋ ಬದಲಿಸುವ ಡಿಮ್-ಡಿಪ್ ಸ್ವಿಚ್, ಮೂರ್ನಾಲ್ಕು ಕನೆಕ್ಟರ್ ಎಲ್ಲ ದಾಟಿ ತೆಳ್ಳನೆ ವೈರಿನಲ್ಲಿ ಬಲ್ಬಿಗೆ ಬರಬೇಕು. ಮಲೆನಾಡಿನ ಹತ್ತು ಮಳೆಗಾಲ ಕಂಡ ಗಾಡಿಯಲ್ಲಿ ಆ ಜೋಡಣೆಗಳಿಗೆ ಹಸಿರು ಕಿಲುಬು ಹತ್ತಿರುತ್ತದೆ.

ಅಳೆದು ನೋಡಿ. ಇಂಜಿನ್ ಚಾಲೂ ಇಟ್ಟು, ಸ್ವಲ್ಪ ರೇಸ್ ಕೊಟ್ಟು ಹೈ ಬೀಮ್ ಹಾಕಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಮೊದಲು ಬ್ಯಾಟರಿಯಲ್ಲಿ ಅಳೆಯಿರಿ, 14ರ ಆಸುಪಾಸು ಇರಬೇಕು. ಆಮೇಲೆ ಬಲ್ಬ್ ಹೋಲ್ಡರಿನ ಹಿಂಬದಿಯಲ್ಲಿ, ಬಲ್ಬ್ ಉರಿಯುತ್ತಿರುವಾಗಲೇ ಅಳೆಯಿರಿ. ಬಲ್ಬ್ ಕಳಚಿ ಅಳೆದರೆ ಕರೆಂಟು ಹರಿಯುವುದಿಲ್ಲವಾದ್ದರಿಂದ ಮೀಟರ್ ಪೂರ್ತಿ 14 ತೋರಿಸಿ ಮೋಸ ಮಾಡುತ್ತದೆ. ಎರಡರ ನಡುವಿನ ವ್ಯತ್ಯಾಸ ಅರ್ಧ ವೋಲ್ಟ್ ಒಳಗಿದ್ದರೆ ವೈರಿಂಗ್ ಸರಿಯಿದೆ. ಬ್ಯಾಟರಿಯಲ್ಲಿ 14, ಬಲ್ಬಿನಲ್ಲಿ 12.4 ಬಂತು ಅಂದುಕೊಳ್ಳಿ. ಹೋಗಿದ್ದು 1.6 ವೋಲ್ಟ್ ಮಾತ್ರ ಅನ್ನಿಸಬಹುದು. ಆದರೆ ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತದಂತೆ ಏರಿಳಿಯುತ್ತದೆ. ಲೆಕ್ಕ ಹಾಕಿದರೆ ಮೂರರಲ್ಲಿ ಒಂದು ಪಾಲು ಬೆಳಕು ದಾರಿಯಲ್ಲೇ ಖರ್ಚಾಗಿದೆ.

ಇದೇ ವೈರಿಂಗಿಗೆ 100 ವಾಟ್ ಬಲ್ಬ್ ಹಾಕಿದರೆ ಏನಾಗುತ್ತದೆ? 60 ವಾಟ್ ಎಳೆಯುವುದು ಸುಮಾರು 5 ಆಂಪಿಯರ್, 100 ವಾಟ್ ಎಳೆಯುವುದು 8ಕ್ಕಿಂತ ಹೆಚ್ಚು. ಕೆಟ್ಟ ಜೋಡಣೆಗಳಲ್ಲಿ ಹುಟ್ಟುವ ಬಿಸಿ ಆಂಪಿಯರಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ, ಈಗ 8 ವಾಟ್ ಇರುವುದು 20 ದಾಟುತ್ತದೆ. ಡಿಮ್-ಡಿಪ್ ಸ್ವಿಚ್ಚಿನ ಪ್ಲಾಸ್ಟಿಕ್ ಮೆತ್ತಗಾಗುವುದು, ಬಲ್ಬ್ ಹೋಲ್ಡರ್ ಕಂದುಗಟ್ಟುವುದು ಇದರಿಂದಲೇ. ಗಾಡಿ ನಿಧಾನವಾಗಿ ಹೋಗುವಾಗ ಬ್ಯಾಟರಿಯೂ ಇಳಿಯುತ್ತದೆ.

ಮದ್ದು ರಿಲೇ, ಅಂದರೆ ಹ್ಯಾಂಡಲ್ ಸ್ವಿಚ್ಚಿನ ಸಣ್ಣ ಕರೆಂಟಿನ ಸನ್ನೆಗೆ ಬ್ಯಾಟರಿಯ ದೊಡ್ಡ ಕರೆಂಟನ್ನು ನೇರ ಬಲ್ಬಿಗೆ ಬಿಡುವ ಸ್ವಿಚ್. ಬೇಕಾದ್ದು ಇಷ್ಟು: 12 ವೋಲ್ಟ್ 30 ಆಂಪಿಯರಿನ ರಿಲೇ ಎರಡು, ಹೋಲ್ಡರ್ ಸಮೇತ 15 ಆಂಪಿಯರ್ ಫ್ಯೂಸ್ ಒಂದು, ಸೆರಾಮಿಕ್ ಎಚ್4 ಹೋಲ್ಡರ್ ಒಂದು, 2.5 ಚದರ ಮಿಲಿಮೀಟರಿನ ಕೆಂಪು ಮತ್ತು ಕಪ್ಪು ವೈರ್ ತಲಾ 2 ಮೀಟರ್. ಬ್ಯಾಟರಿಯ ಪಾಸಿಟಿವ್‌ನಿಂದ ಫ್ಯೂಸ್ ಮೂಲಕ ಎರಡೂ ರಿಲೇಗಳ 30ನೇ ಪಿನ್ನಿಗೆ ಕೆಂಪು ವೈರ್. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಲಿ. ದೂರವಿದ್ದರೆ ಅದುವರೆಗಿನ ವೈರಿಗೆ ಕಾವಲಿಲ್ಲ. ಹಳೇ ಹೋಲ್ಡರಿಗೆ ಬರುತ್ತಿದ್ದ ಹೈ ಬೀಮ್ ವೈರ್ ಒಂದು ರಿಲೇಯ 86ಕ್ಕೆ, ಲೋ ಬೀಮ್ ವೈರ್ ಇನ್ನೊಂದರ 86ಕ್ಕೆ. ಎರಡರ 85 ಅರ್ತ್‌ಗೆ. 87ರಿಂದ ಹೊಸ ಹೋಲ್ಡರಿಗೆ. ವೈರಿನ ಬಣ್ಣ ನಂಬಬೇಡಿ, ಯಾವುದು ಹೈ ಯಾವುದು ಲೋ ಅಂತ ಮೀಟರಿನಲ್ಲೇ ಗುರುತಿಸಿ.

ಕೈ ತಪ್ಪುವ ಜಾಗಗಳು ಮೂರು. ಬಲ್ಬಿನ ಅರ್ತ್ ಅನ್ನು ಹತ್ತಿರದ ಬೋಲ್ಟಿಗೆ ಬಿಗಿದು ಕೈತೊಳೆದುಕೊಳ್ಳುತ್ತಾರೆ. ಬೋಲ್ಟಿನಡಿ ಪೇಂಟ್ ಇದ್ದರೆ ಕಳೆದುಕೊಂಡ ವೋಲ್ಟ್ ಅಲ್ಲೇ ಉಳಿಯುತ್ತದೆ. ಕಪ್ಪು ವೈರನ್ನು ಬ್ಯಾಟರಿ ನೆಗೆಟಿವ್‌ವರೆಗೆ ಎಳೆಯಿರಿ. ರಿಲೇಯ ಪಿನ್ನುಗಳು ಕೆಳಮುಖವಾಗಿರಲಿ, ಇಲ್ಲವಾದರೆ ಮಳೆನೀರು ಒಳಗೇ ನಿಲ್ಲುತ್ತದೆ. ಹ್ಯಾಂಡಲ್ ಕುತ್ತಿಗೆಯ ಬಳಿ ವೈರ್ ಸಡಿಲವಾಗಿ ಬಿಟ್ಟು, ಲೈಟ್ ಹಾಕಿಕೊಂಡೇ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ, ಕೈಯೆಣ್ಣೆ ಅಂಟಿದ ಜಾಗ ಕಾದು ಬಲ್ಬ್ ಬೇಗ ಹೋಗುತ್ತದೆ. ಇಷ್ಟಾದ ಮೇಲೂ ಮಂಕಾಗಿದ್ದರೆ ಡೂಮಿನೊಳಗಿನ, ಅಂದರೆ ಹೆಡ್‌ಲೈಟ್ ಬಟ್ಟಲಿನೊಳಗಿನ ಬೆಳ್ಳಿ ಲೇಪ (ರಿಫ್ಲೆಕ್ಟರ್) ನೋಡಿ. ಅದು ಹೊಗೆ ಹಿಡಿದಂತಿದ್ದರೆ ಯಾವ ಬಲ್ಬಿನಿಂದಲೂ ಉಪಯೋಗವಿಲ್ಲ, ಡೂಮ್ ಬದಲಿಸಿ.

ಇನ್ನು ಎಲ್‌ಇಡಿ. ಎಚ್4 ಬಲ್ಬಿನಲ್ಲಿ ಲೋ ಬೀಮ್ ತಂತಿಯ ಕೆಳಗೆ ಪುಟ್ಟದೊಂದು ಲೋಹದ ಬಟ್ಟಲಿರುತ್ತದೆ. ಬೆಳಕು ರಿಫ್ಲೆಕ್ಟರಿನ ಮೇಲರ್ಧಕ್ಕೆ ಮಾತ್ರ ಬಿದ್ದು ರಸ್ತೆಗಿಳಿಯುವಂತೆ ಮಾಡುವುದು ಅದೇ. ಎಲ್‌ಇಡಿ ಚಿಪ್ ಆ ತಂತಿಯ ಜಾಗದಲ್ಲೇ ಕೂರದಿದ್ದರೆ, ಅಥವಾ ಅದಕ್ಕಿಂತ ಅಗಲವಾಗಿದ್ದರೆ, ಬೆಳಕು ಮೇಲಕ್ಕೂ ಚೆಲ್ಲುತ್ತದೆ. ನಿಮಗೆ ಹತ್ತಿರದಲ್ಲಿ ಬೆಳ್ಳಗೆ ಕಾಣುತ್ತದೆ, ದೂರ ಕತ್ತಲೆ, ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ಕಣ್ಣು ಕೋರೈಸುವ ದೀಪಗಳ ಮೇಲೆ 2024ರಲ್ಲಿ ರಾಜ್ಯದ ಪೊಲೀಸರು ಕೇಸು ಹಾಕತೊಡಗಿದ್ದೂ ಇಂಥವುಗಳ ಕಾಟಕ್ಕೇ.

ಪ್ರಶ್ನೆ: ಬೆಳಗಿನ ಜಾವ ಹಾಲು ಹಾಕಲು ಹಳೆಯ ಸ್ಪ್ಲೆಂಡರ್ ಇಟ್ಟುಕೊಂಡಿದ್ದೇನೆ. ಎಲ್‌ಇಡಿ ಬಲ್ಬ್ ಹಾಕಿದೆ, ಪಟಪಟ ಮಿಟುಕುತ್ತದೆ. ಹೆಡ್‌ಲೈಟ್ ವೈರನ್ನು ಬ್ಯಾಟರಿಗೇ ಕೊಟ್ಟರೆ ಸರಿಹೋಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಾರೆ.
– ಓದುಗರು, ಶಿರಸಿ

ಮಿಟುಕುವುದು ನಿಲ್ಲುತ್ತದೆ, ಸ್ವಲ್ಪ ದಿನದಲ್ಲಿ ಬ್ಯಾಟರಿಯೂ ನಿಲ್ಲುತ್ತದೆ. ಹಳೆಯ ಸ್ಪ್ಲೆಂಡರಿನಲ್ಲಿ ಹೆಡ್‌ಲೈಟ್ ಉರಿಯುವುದು, ಇಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಬರುವ, ದಿಕ್ಕು ಬದಲಿಸುತ್ತಲೇ ಇರುವ ಎಸಿ ಕರೆಂಟಿನಲ್ಲಿ. ಅದಕ್ಕೇ ಗಾಡಿ ಐಡಲ್‌ಗೆ ಬಂದಾಗ ಮಂಕು, ರೇಸ್ ಕೊಟ್ಟಾಗ ಪ್ರಖರ. ಎಲ್‌ಇಡಿಗೆ ಬೇಕಾದ್ದು ಬ್ಯಾಟರಿಯಿಂದ ಬರುವಂಥ, ಒಂದೇ ದಿಕ್ಕಿನ ಡಿಸಿ. ಕಿಕ್ ಸ್ಟಾರ್ಟ್ ಗಾಡಿಯ ಬ್ಯಾಟರಿ 2.5 ಆಂಪಿಯರ್-ಅವರ್. 35 ವಾಟಿನ ಮೂಲ ಬಲ್ಬನ್ನು ಅದಕ್ಕೆ ಜೋಡಿಸಿದರೆ 3 ಆಂಪಿಯರ್ ಎಳೆಯುತ್ತದೆ, ಅಂದರೆ ತುಂಬಿದ ಬ್ಯಾಟರಿಯೂ ಒಂದು ಗಂಟೆಗೆ ಸಾಲದು. ಬ್ಯಾಟರಿ ತುಂಬುವ ಏರ್ಪಾಡನ್ನು ಇಂಡಿಕೇಟರ್, ಹಾರ್ನ್, ಬ್ರೇಕ್‌ಲೈಟ್ ಲೆಕ್ಕದಲ್ಲಿ ಮಾಡಿದ್ದಾರೆ, ಹೆಡ್‌ಲೈಟ್ ಲೆಕ್ಕದಲ್ಲಲ್ಲ.

ಸರಿಯಾಗಿ ಮಾಡಬೇಕೆಂದರೆ ಮ್ಯಾಗ್ನೆಟ್ ಪ್ಲೇಟ್ ಬಿಚ್ಚಿ, ಇಂಜಿನ್ ಮೈಗೆ ಅರ್ತ್ ಆಗಿರುವ ಕಾಯಿಲ್ ತುದಿಯನ್ನು ಬಿಡಿಸಿ, ಎರಡೂ ತುದಿಗಳನ್ನು ಹೊರತಂದು ಎಸಿಯನ್ನು ಡಿಸಿ ಮಾಡಿ ವೋಲ್ಟೇಜ್ ಹತೋಟಿಯಲ್ಲಿಡುವ ಫುಲ್‌ವೇವ್ ಆರ್‌ಆರ್ (ರೆಗ್ಯುಲೇಟರ್-ರೆಕ್ಟಿಫೈಯರ್) ಯೂನಿಟ್‌ಗೆ ಕೊಡಬೇಕು. ಆಗ ಕಾಯಿಲಿನ ಪೂರ್ತಿ ಶಕ್ತಿ ಡಿಸಿಯಾಗಿ ಬ್ಯಾಟರಿಗೆ ಬರುತ್ತದೆ. ಅರ್ತ್ ಬಿಡಿಸದೆ ಯೂನಿಟ್ ಮಾತ್ರ ಬದಲಿಸಿದರೆ ಅದು ಕಾದು ಸುಟ್ಟುಹೋಗುತ್ತದೆ. ಇಷ್ಟು ರಗಳೆ ಬೇಡವೆಂದರೆ ಒಳ್ಳೆ ಕಂಪನಿಯ ಎಚ್‌ಎಸ್1 35/35 ಬಲ್ಬನ್ನೇ ಹಾಕಿ, ಅರ್ತ್ ಜಾಗಗಳನ್ನು ಉಜ್ಜಿ ಬಿಗಿ ಮಾಡಿ. ಹಾಲಿನ ಕ್ಯಾನು ಹೊತ್ತ ಗಾಡಿಯ ವೇಗಕ್ಕೆ ಅಷ್ಟು ಸಾಕು. ಜಾಗ ಒಂದೇ ಥರ ಕಾಣುತ್ತದೆಂದು ಅಲ್ಲಿಗೆ ಎಚ್4 ಉಜ್ಜಿ ಕೂರಿಸಬೇಡಿ.

ಪ್ರಶ್ನೆ: ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋದ ದಿನ ಎದುರಿನವರೆಲ್ಲ ಡಿಪ್ ಹೊಡೆಯುತ್ತಾರೆ. ನಾನು ಹಾಕಿರುವುದು ಲೋ ಬೀಮೇ.
– ಓದುಗರು, ತುಮಕೂರು

ಹಿಂದೆ ತೂಕ ಬಿದ್ದಾಗ ಶಾಕ್ ಅಬ್ಸಾರ್ಬರ್ 3 ಸೆಂಟಿಮೀಟರ್ ಕುಸಿದರೂ, 1.35 ಮೀಟರ್ ಉದ್ದದ ಚಕ್ರಾಂತರಕ್ಕೆ ಅದು ಶೇ 2ಕ್ಕಿಂತ ಹೆಚ್ಚಿನ ಓರೆ. ಲೋ ಬೀಮನ್ನು ಬಗ್ಗಿಸಿರುವುದೇ ಶೇ 1ರಿಂದ 1.5. ಅಷ್ಟೂ ಅಳಿಸಿಹೋಗಿ ದೀಪ ಎದುರಿನವರ ಮುಖ ನೋಡುತ್ತದೆ.

ಟೈರಿನ ಗಾಳಿ ಸರಿಮಾಡಿ, ಸಮತಟ್ಟು ಜಾಗದಲ್ಲಿ ಗೋಡೆಯಿಂದ 5 ಮೀಟರ್ ದೂರ ಗಾಡಿ ನಿಲ್ಲಿಸಿ. ಸ್ಟ್ಯಾಂಡ್ ಹಾಕದೆ, ಸವಾರರು ಕೂತಿರುವಾಗ, ಡೂಮಿನ ನಡುಮಧ್ಯ ನೆಲದಿಂದ ಎಷ್ಟೆತ್ತರವೋ ಗೋಡೆಯ ಮೇಲೆ ಅಷ್ಟೆತ್ತರಕ್ಕೆ ಗೆರೆ ಎಳೆಯಿರಿ. ಲೋ ಬೀಮಿನ ಮೇಲಂಚು ಆ ಗೆರೆಗಿಂತ 5ರಿಂದ 7.5 ಸೆಂಟಿಮೀಟರ್ ಕೆಳಗೆ ಬೀಳಬೇಕು. 90 ಸೆಂಟಿಮೀಟರ್ ಎತ್ತರದ ದೀಪಕ್ಕೆ ಶೇ 1.5 ಅಂದರೆ ಬೆಳಕು ರಸ್ತೆ ಮುಟ್ಟುವುದು 60 ಮೀಟರಿನಲ್ಲಿ. ಗಂಟೆಗೆ 60 ಕಿಲೋಮೀಟರಿನಲ್ಲಿ, ಒದ್ದೆ ರಸ್ತೆಯಲ್ಲಿ, ಕಂಡದ್ದಕ್ಕೆ ಬ್ರೇಕ್ ಹಿಡಿದು ನಿಲ್ಲಲೂ ಹೆಚ್ಚುಕಡಿಮೆ ಅಷ್ಟೇ ದೂರ ಬೇಕು. ಜೋಡಿಯಾಗಿ ಓಡಾಡುವುದೇ ಹೆಚ್ಚಾದರೆ ಹಿಂದಿನ ಶಾಕ್‌ನ ಪ್ರೀಲೋಡ್ (ಸ್ಪ್ರಿಂಗಿನ ಬಿಗಿ) ಎರಡು ಮೆಟ್ಟಿಲು ಏರಿಸಿ, ಇಬ್ಬರೂ ಕೂತು ಸರಿಮಾಡಿ.

ಪ್ರಶ್ನೆ: ಚಾರ್ಮಾಡಿ ಘಾಟಿಯ ಮಂಜಿಗೆ ಹಳದಿ ಫಾಗ್‌ಲೈಟ್ ಹಾಕಿಸಿದರೆ ಸೀಳಿಕೊಂಡು ಹೋಗುತ್ತದಂತೆ, ನಿಜವೇ?
– ಓದುಗರು, ಬೆಳ್ತಂಗಡಿ

ಸೀಳುವುದಿಲ್ಲ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಎಲ್ಲ ಬಣ್ಣವನ್ನೂ ಸರಿಸುಮಾರು ಒಂದೇ ಥರ ಚೆದುರಿಸುತ್ತದೆ. ಹಳದಿಯಲ್ಲಿ ನೀಲಿ ಅಂಶ ಕಡಿಮೆ, ಹಾಗಾಗಿ ಕಣ್ಣಿಗೆ ಹಿತ, ಅಷ್ಟೆ. ಕೆಲಸ ಮಾಡುವುದು ದೀಪದ ಎತ್ತರ ಮತ್ತು ಬೆಳಕಿನ ಆಕಾರ. ಹೆಡ್‌ಲೈಟಿಗಿಂತ ಕೆಳಗೆ, ಕ್ರ್ಯಾಶ್‌ಗಾರ್ಡಿನಲ್ಲಿ ಅರ್ಧ ಮೀಟರ್ ಎತ್ತರಕ್ಕೆ ಕೂರಿಸಿ. ಬೆಳಕು ಅಗಲವಾಗಿ, ಚಪ್ಪಟೆಯಾಗಿ, 20 ಮೀಟರಿನೊಳಗೆ ನೆಲಕ್ಕೆ ಬೀಳಲಿ. ಆಗ ಕಣ್ಣಿಗೂ ದೀಪಕ್ಕೂ ಅಂತರ ಬಂದು ಮಂಜಿನ ಪರದೆ ತೆಳುವಾಗುತ್ತದೆ. ದುಂಡಗೆ ದೂರ ಎಸೆಯುವ ಸ್ಪಾಟ್‌ಲೈಟಿಗೆ ಹಳದಿ ಸ್ಟಿಕರ್ ಅಂಟಿಸಿದರೆ ಹೈ ಬೀಮ್‌ನಂತೆಯೇ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಪ್ರತ್ಯೇಕ ಸ್ವಿಚ್, ರಿಲೇ, ಫ್ಯೂಸ್ ಇರಲಿ, ಮಂಜಿಲ್ಲದಾಗ ಆರಿಸಿ.

ಅಂದಹಾಗೆ, ಘಾಟಿಯ ತುದಿಯ ಕೊಟ್ಟಿಗೆಹಾರದ ಮೇಲೆ ಕಾಣುವ ಮಂಜಿನಲ್ಲಿ ಒಂದು ಪಾಲು ಹೆಲ್ಮೆಟ್ ಗಾಜಿನ ಒಳಗಿನ ಉಸಿರು, ಇನ್ನೊಂದು ಪಾಲು ಹೊರಗಿನ ಗೀರು. ಹೊಸ ತಿಳಿಗಾಜಿನ ವೈಸರ್ ಫಾಗ್‌ಲೈಟಿಗಿಂತ ಅಗ್ಗ. ಮೊದಲು ಅದನ್ನು ಬದಲಿಸಿ.

ಪ್ರಶ್ನೆ: ಇಲ್ಲಿ ಸೆಕೆಂಡ್ ಹ್ಯಾಂಡ್ ಸ್ನೋಮೊಬೈಲ್ (ಹಿಮದ ಮೇಲೆ ಓಡುವ ಗಾಡಿ) ಕೊಂಡಿದ್ದೇನೆ. ಎಚ್4 ಹ್ಯಾಲೊಜೆನ್ ಇದೆ, ಎಳೆದು ಸ್ಟಾರ್ಟ್ ಮಾಡುವ ಮಾಡೆಲ್, ಬ್ಯಾಟರಿ ಇಲ್ಲ. ರಾತ್ರಿ ಟ್ರೇಲ್‌ಗೆ ಎಲ್‌ಇಡಿ ಮಾಡಿಸಲೇ?
– ಓದುಗರು, ಡುಲೂತ್, ಮಿನೆಸೋಟ

ಶಿರಸಿಯವರ ಸ್ಪ್ಲೆಂಡರ್ ಕತೆಯನ್ನು ನೀವೂ ಓದಿಕೊಳ್ಳಿ. ಬ್ಯಾಟರಿ ಇಲ್ಲದ ಯಂತ್ರಗಳಲ್ಲಿ ಸಾಮಾನ್ಯವಾಗಿ ದೀಪ ನೇರ ಎಸಿಯಲ್ಲೇ ಉರಿಯುತ್ತದೆ. ಮೀಟರನ್ನು ಮೊದಲು ಎಸಿಯಲ್ಲಿ, ಆಮೇಲೆ ಡಿಸಿಯಲ್ಲಿ ಇಟ್ಟು ಹೋಲ್ಡರಿನಲ್ಲಿ ಅಳೆಯಿರಿ. ರೇಸ್ ಏರಿಸಿದಾಗ 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಹೋಗಿದೆ. ಅದನ್ನು ಬದಲಿಸದೆ ಎಷ್ಟು ಬಲ್ಬ್ ಹಾಕಿದರೂ ಸುಡುತ್ತದೆ. ಎಸಿ ಎಂದು ಗೊತ್ತಾದರೆ ಎಸಿ-ಡಿಸಿ ಎರಡಕ್ಕೂ ಆಗುತ್ತದೆಂದು ಬರೆದಿರುವ ಎಲ್‌ಇಡಿ ಬಲ್ಬನ್ನೇ ಕೊಳ್ಳಿ. ಲಾಭ ಬೆಳಕಿನದ್ದಷ್ಟೇ ಅಲ್ಲ: 60 ವಾಟ್ ಹೋಗಿ 25 ವಾಟ್ ಬಂದರೆ ಉಳಿದ 35 ವಾಟ್ ಹ್ಯಾಂಡಲ್ ಬಿಸಿಮಾಡುವ ಗ್ರಿಪ್ಪಿಗೆ ಸಿಗುತ್ತದೆ.

ಆದರೆ ಹ್ಯಾಲೊಜೆನ್ ತನ್ನ ಬಿಸಿಯಿಂದಲೇ ಗಾಜಿನ ಮೇಲೆ ಬಿದ್ದ ಹಿಮವನ್ನು ಕರಗಿಸುತ್ತಿತ್ತು. ಎಲ್‌ಇಡಿಯ ಬಿಸಿ ಹೋಗುವುದು ಹಿಂಬದಿಯ ಫ್ಯಾನಿನ ಕಡೆಗೆ, ಮುಂಗಾಜು ತಣ್ಣಗೇ ಇರುತ್ತದೆ. ಮುಂದಿನವರ ಗಾಡಿಯ ರಬ್ಬರ್ ಪಟ್ಟಿ (ಟ್ರ್ಯಾಕ್) ಎಬ್ಬಿಸಿದ ಪುಡಿಹಿಮ ಅದರ ಮೇಲೆ ಪದರ ಕಟ್ಟಿ, ನೋಡನೋಡುತ್ತಿದ್ದಂತೆ ದೀಪ ಹಾಲುಬಣ್ಣಕ್ಕೆ ತಿರುಗುತ್ತದೆ. ಹಿಮ ಬೀಳುವ ರಾತ್ರಿಗಳಲ್ಲಿ, ಗುಂಪಿನ ಹಿಂದೆ ಹೋಗುವುದೇ ಹೆಚ್ಚಾದರೆ ಹ್ಯಾಲೊಜೆನ್ನೇ ಇರಲಿ ಎಂಬುದು ನಮ್ಮ ಸಲಹೆ. ಎರಡು ಪ್ರತ್ಯೇಕ ಡೂಮ್ ಇರುವ ಮಾಡೆಲ್ ಆದರೆ ಒಂದನ್ನು ಹಾಗೇ ಬಿಟ್ಟು ಇನ್ನೊಂದಕ್ಕೆ ಎಲ್‌ಇಡಿ ಹಾಕಬಹುದು. ಹಿಂದಿನ ರಬ್ಬರ್ ಮುಚ್ಚಳ ಫ್ಯಾನಿಗೆ ಅಡ್ಡಬರುತ್ತದೆಂದು ಕಿತ್ತಿಡಬೇಡಿ. ಒಳನುಗ್ಗಿದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ ಫ್ಯಾನು ನಿಲ್ಲುತ್ತದೆ, ಚಿಪ್ ಸುಡುತ್ತದೆ.

ಹೆಲ್ಮೆಟ್ ಮೇಲೆ ದೀಪ ಕಟ್ಟುವ ಯೋಚನೆಯಿದ್ದರೆ ಅದು ರಿಪೇರಿ ಕೆಲಸಕ್ಕೆ ಮಾತ್ರ ಇರಲಿ. ಹಿಮದ ಮೇಲಿನ ಉಬ್ಬುತಗ್ಗು ಕಾಣುವುದು ನೆರಳಿನಿಂದ. ದೀಪ ಕಣ್ಣಿನ ಪಕ್ಕದಲ್ಲೇ ಇದ್ದರೆ ನೆರಳು ಉಬ್ಬಿನ ಹಿಂದೆ ಅಡಗಿ, ಇಡೀ ಟ್ರೇಲ್ ಬಿಳಿ ಹಾಸಿನಂತೆ ಕಾಣುತ್ತದೆ. ಕೆಳಗಿರುವ ಹೆಡ್‌ಲೈಟ್ ಅದೇ ಗುಂಡಿಯನ್ನು ಕಪ್ಪು ಗೆರೆಯಾಗಿ ತೋರಿಸುತ್ತದೆ.