ಎಲೆ ವಿಲೋದಂತೆ, ಹೂವು ಸೇವಂತಿಗೆ ಬಳಗದ್ದು

ಪ್ರಶ್ನೆ: ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಮನೆ ಹತ್ತಿರದ ಹಳ್ಳದ ದಂಡೆಯಲ್ಲಿ ಆಳೆತ್ತರ ಮೀರಿದ ಪೊದೆಗಳಿವೆ. ಎಲೆ ಉದ್ದ, ಕಿರಿದು, ಮುಟ್ಟಿದರೆ ಅಂಟು. ತುದಿಯಲ್ಲಿ ಮಾಸಲು ಬಿಳಿ ಹೂಗೊಂಚಲು. ನೀರಂಚಿನಲ್ಲಿ ಬೆಳೆಯುವ, ಕಿರಿದೆಲೆಯ ವಿಲೋ ಮರ ಅಂದುಕೊಂಡಿದ್ದೆ, ಸೇವಂತಿಗೆ ಕುಟುಂಬದ್ದು ಅನ್ನುತ್ತಾರೆ. ಎಸಳೇ ಇಲ್ಲವಲ್ಲ?

ಉತ್ತರ: ನಿಮ್ಮ ವಿವರಕ್ಕೆ ಹೊಂದುವುದು ಮ್ಯೂಲ್ ಫ್ಯಾಟ್, ಅಂದರೆ ಬ್ಯಾಕಾರಿಸ್ ಸ್ಯಾಲಿಸಿಫೋಲಿಯಾ. ಅಲ್ಲಿನದೇ ಬಹುವಾರ್ಷಿಕ ಪೊದೆ, 4 ಮೀಟರ್‌ವರೆಗೂ ಬೆಳೆಯುತ್ತದೆ. ಸ್ಯಾಲಿಸಿಫೋಲಿಯಾ ಎಂದರೇ ವಿಲೋ ಎಲೆಯದು, ಗೊಂದಲ ಸಹಜ. ಖಚಿತವಾಗಬೇಕಾದರೆ ಹೂವು ಬಿಡಿಸಿ ನೋಡಲೇಬೇಕು.

ಒಂದು ‘ಹೂವ’ನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, 10 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡಿ. ಅದು ಒಂದು ಹೂವಲ್ಲ, ಒಂದೇ ಪೀಠದ ಮೇಲೆ ಒತ್ತಾಗಿ ಕೂತ ಹತ್ತಾರು ಕಿರುಹೂಗಳು. ಸುತ್ತ ಹಂಚು ಹೊದಿಸಿದಂತೆ ಪದರಪದರವಾಗಿ ಪುಟ್ಟ ಪೊರೆಗಳು. ಪ್ರತಿ ಕಿರುಹೂವಿನ ಬುಡದಲ್ಲಿ ಬಿಳಿ ಕೂದಲ ಕುಚ್ಚು. ಸೇವಂತಿಗೆ ಕುಟುಂಬದ ಗುರುತು ಇದೇ. ಸುತ್ತಲಿನ ಎಸಳು ಇರಲೇಬೇಕೆಂದಿಲ್ಲ. ಮಲೆನಾಡಿನ ಕಮ್ಯುನಿಸ್ಟ್ ಕಳೆಗೂ ಇಲ್ಲ, ಅದೂ ಇದೇ ಕುಟುಂಬದ್ದು.

ಒಂದೇ ಗಿಡ ನೋಡಿ ಬರಬೇಡಿ. ಗಂಡು, ಹೆಣ್ಣು ಬೇರೆ ಬೇರೆ ಗಿಡ. ಗಂಡಿನ ಕಿರುಹೂವಿನ ಬಾಯಿ ಐದು ಸೀಳು, ಪರಾಗ ಇರುತ್ತದೆ. ಹೆಣ್ಣಿನದು ದಾರದಷ್ಟು ಸಪೂರ. ಬಲಿತಾಗ ಕುಚ್ಚು ಉದ್ದವಾಗಿ ಹೊರಚಾಚಿ ಗೊಂಚಲೆಲ್ಲ ಹತ್ತಿಯಂತೆ ಕಾಣುತ್ತದೆ. ಎರಡನ್ನೂ ಕಂಡವರು ಎರಡು ಜಾತಿಯೆಂದು ಬರೆದಿಡುವುದುಂಟು.

ಹೂವಿಲ್ಲದಾಗ ಎಲೆಯನ್ನು ಬೆಳಕಿಗೆ ಹಿಡಿಯಿರಿ: ಬುಡದಿಂದಲೇ ಮೂರು ನರಗಳು ಉದ್ದಕ್ಕೆ ಸಾಗುತ್ತವೆ. ವಿಲೋಗೆ ನಡುನರ ಒಂದೇ ಮುಖ್ಯ. ಅದರ ಎಲೆಮೊಗ್ಗಿಗೆ ಟೋಪಿಯಂಥ ಒಂದೇ ಹೊದಿಕೆ. ಮ್ಯೂಲ್ ಫ್ಯಾಟ್‌ನ ಧೂಳು ಕೂತ ಎಲೆಯಲ್ಲಿ ಅಂಟು ತಿಳಿಯದು, ಚಿಗುರು ಮುಟ್ಟಿ. ಅಂಚಿನ ಹಲ್ಲನ್ನು ನಂಬಬೇಡಿ, ಇರಲೂಬಹುದು, ಇಲ್ಲದಿರಲೂಬಹುದು.

ಹತ್ತಿರದ ಸಂಬಂಧಿ ಕೊಯೋಟಿ ಬ್ರಷ್‌ನ ಎಲೆ 4 ಸೆಂ.ಮೀ. ದಾಟುವುದು ಅಪರೂಪ. ಇದರಂತೆ ಕಾಣುವ ಇನ್ನೊಂದು ಪೊದೆ ಆರೋವೀಡ್‌ಗೆ ಬೆಳ್ಳಿಬಣ್ಣದ ರೋಮ, ನಸುನೇರಳೆ ಹೂ. ಹಳೆಯ ಪುಸ್ತಕಗಳು ನಿಮ್ಮ ಗಿಡವನ್ನೇ ಬ್ಯಾಕಾರಿಸ್ ಗ್ಲೂಟಿನೋಸಾ ಎನ್ನುತ್ತವೆ. ಈಗ ಆ ಹೆಸರು ಜೌಗಿನಲ್ಲಿ ಬೆಳೆಯುವ, ಕಾಂಡ ಮರಗಟ್ಟದ ಬೇರೊಂದು ಜಾತಿಯದು.

ಮಾದರಿಗೆ ಕೊಂಬೆ ಮುರಿಯುವ ಮೊದಲು ಜಾಗದವರ ಅನುಮತಿ ಪಡೆಯಿರಿ. ಮಾರ್ಚ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಪೊದೆಯೊಳಗೆ ನುಗ್ಗಲೇಬೇಡಿ. ಅಳಿವಿನಂಚಿನ ಹಕ್ಕಿ ಲೀಸ್ಟ್ ಬೆಲ್ಸ್ ವಿರಿಯೋ ಇಂಥ ಪೊದೆಗಳಲ್ಲೇ, ನೆಲಕ್ಕೆ ಸಮೀಪದಲ್ಲಿ ಗೂಡು ಕಟ್ಟುತ್ತದೆ.