ಮಾತಾಡದ 'ಕೆ'

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: "ನಾಲ್ಕನೇ ಕ್ಲಾಸಿನ ನನ್ನ ಮಗಳು ಡಿಕ್ಟೇಷನ್‌ನಲ್ಲಿ 'ನೈಟ್' (ಕುದುರೆ ಏರಿದ ವೀರ, ಕೆ-ಎನ್-ಐ-ಜಿ-ಎಚ್-ಟಿ) ಅನ್ನು ಎನ್-ಐ-ಟಿ-ಇ ಎಂದು ಬರೆದಳು. ಕೆಂಪು ಇಂಕಿನ ಗೀಟು ಬಿತ್ತು. 'ಕೆ ಮಾತೇ ಆಡಲ್ಲ, ಮತ್ಯಾಕಪ್ಪಾ ಅಲ್ಲಿ ಕೂತಿದೆ?' ಅಂತಾಳೆ. ಏನು ಹೇಳಲಿ? ನಮ್ಮ ಕನ್ನಡದ ಹಾಗೆ ಇಂಗ್ಲಿಷಿನವರೂ ಅಂದಂತೆ ಬರೆಯಬಾರದಾ?"

ಒಂದು ಕಾಲಕ್ಕೆ ಆ 'ಕೆ' ಮಾತಾಡುತ್ತಿತ್ತು ಸ್ವಾಮಿ. ಸಾವಿರ ವರ್ಷದ ಹಿಂದೆ ಆ ಪದವನ್ನು ಹೆಚ್ಚುಕಡಿಮೆ 'ಕ್ನಿಹ್ತ್' ಅನ್ನುತ್ತಿದ್ದರು. ಈಗ ಸುಮ್ನೆ ಕೂತಿರುವ ಜಿ-ಎಚ್ ಜೋಡಿ, ಗಂಟಲು ಕೆರೆದುಕೊಂಡು ಬರುತ್ತಿದ್ದ ಆ 'ಹ್'ನ ಗುರುತು. ಜರ್ಮನ್ನರು ರಾತ್ರಿಗೆ 'ನಾಖ್ಟ್' ಅನ್ನುವಾಗ ಅಂಥದೇ ಸದ್ದು ಇವತ್ತಿಗೂ ಕೇಳುತ್ತದೆ.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಂಗ್ಲೆಂಡಿನ ಮೊದಲ ಅಚ್ಚುಕೂಟ ಹಾಕಿದ. ಮೊಳೆ ಜೋಡಿಸುತ್ತಾ ಹೋದ ಹಾಗೆ ಸ್ಪೆಲಿಂಗು ಗಟ್ಟಿಯಾಗುತ್ತಾ ಬಂತು. ಬಾಯಿ ಮಾತ್ರ ನಿಲ್ಲಲಿಲ್ಲ. ಹೆಚ್ಚುಕಡಿಮೆ ನಮ್ಮ 'ನಾಮ'ದ ಹಾಗೇ ಕೇಳುತ್ತಿದ್ದ ಪದ 'ನೇಮ್' ಆಯಿತು. 'ಹೂಸ್' ಹೋಗಿ 'ಹೌಸ್' ಆಯಿತು. ಅಚ್ಚಿನಲ್ಲಿ ಹಳೇ ಅಕ್ಷರ, ಬಾಯಲ್ಲಿ ಹೊಸ ಸದ್ದು.

ಇದನ್ನಾದರೂ ಕ್ಷಮಿಸಬಹುದು. ಸಾಲಕ್ಕೆ ಹೇಳುವ 'ಡೆಟ್'ನಲ್ಲಿರುವ ಬಿ ಇದೆಯಲ್ಲ, ಅದು ಬರೀ ಪಂಡಿತರ ಜಂಬ. ಫ್ರೆಂಚಿನಿಂದ ಬಂದಾಗ ಪದದಲ್ಲಿ ಬಿ ಇರಲಿಲ್ಲ. ಲ್ಯಾಟಿನ್ನಿನಲ್ಲಿ 'ಡೆಬಿಟಮ್' ಇದೆ ಅಂತ ಆಮೇಲೆ ತುರುಕಿದರು. ಇಂಗ್ಲಿಷರ ನಾಲಿಗೆ ಅದನ್ನು ಮುಟ್ಟಲೇ ಇಲ್ಲ. 'ಐಲೆಂಡ್'ನ ಎಸ್ ಕಥೆ ಇನ್ನೂ ತಮಾಷೆ. ಸಂಬಂಧವೇ ಇಲ್ಲದ 'ಐಲ್' ಅನ್ನುವ ಪದದ ಜೊತೆ ನೆಂಟಸ್ತಿಕೆ ಕಟ್ಟಿ ತಂದದ್ದು.

ನಾವೂ ಬದಲಾದವರೇ. ಹಳಗನ್ನಡದ 'ಪಾಲ್' ಹಾಲಾಯಿತು, 'ಪತ್ತು' ಹತ್ತಾಯಿತು. ಇಂಗ್ಲಿಷಿನವರ ದಾರಿ ಹಿಡಿದಿದ್ದರೆ ಇವತ್ತು ಪ್ಯಾಕೆಟ್ಟಿನ ಮೇಲೆ 'ಪಾಲು' ಅಂತ ಅಚ್ಚಾಗಿರುತ್ತಿತ್ತು, ಅಂಗಡಿಯಲ್ಲಿ ನಾವು 'ಅರ್ಧ ಲೀಟರ್ ಹಾಲು ಕೊಡಿ' ಅನ್ನುತ್ತಿದ್ದೆವು! ಬಾಯಿಯ ಹಿಂದೆಯೇ ನಮ್ಮ ಬರಹವೂ ನಡೆಯಿತು. ೞ, ಱ ಸದ್ದುಗಳು ಹೋದವು, ಆ ಅಕ್ಷರಗಳೂ ಬಳಕೆಯಿಂದ ಹೋದವು. ಆಗ ನಮ್ಮಲ್ಲಿ ಅಚ್ಚುಕೂಟ ಇರಲಿಲ್ಲ, ಅದೂ ಒಂದು ಪುಣ್ಯ.

ಅಲ್ಲೂ ಸರಿಮಾಡಲು ಹೊರಟವರಿದ್ದರು. ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 'ಕಲರ್'ನಿಂದ ಯು ಕಿತ್ತುಹಾಕಿದ, ಅವನ ದೇಶ ಒಪ್ಪಿತು. ನಾಲಿಗೆಗೆ ಹೇಳುವ 'ಟಂಗ್'ಗೆ ಟಿ-ಯು-ಎನ್-ಜಿ ಸಾಕು ಅಂದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಂದಂತೆ ಬರೆಯೋಣ ಅಂದರೂ ಯಾರು ಅಂದಂತೆ? 'ಕಾರ್'ನ ಕೊನೆಯ ಆರ್ ಅನ್ನು ಲಂಡನ್ನಿನವರು ನುಂಗುತ್ತಾರೆ, ಸ್ಕಾಟ್ಲೆಂಡಿನವರು ಬಿಡುವುದಿಲ್ಲ, ನಾವಂತೂ ಒತ್ತಿಯೇ ಹೇಳುತ್ತೇವೆ.

ಮಗಳನ್ನು ಬೈಯಬೇಡಿ. ಎನ್-ಐ-ಟಿ-ಇ ಅಂತ ಬರೆದಳು ಅಂದರೆ ಕಿವಿ ಚುರುಕಾಗಿದೆ ಅಂತ ಅರ್ಥ. ಕೆ, ಜಿ-ಎಚ್ ಎಲ್ಲ ಸೇರಿಸಿ ಒಂದು ಸಲ 'ಕ್ನಿಹ್ತ್' ಅಂತ ಗಟ್ಟಿಯಾಗಿ ಹೇಳಿಸಿ, ಸ್ಪೆಲಿಂಗು ಮರೆಯೋದಿಲ್ಲ. ಕನ್ನಡದಲ್ಲಿ ಎಲ್ಲವೂ ಅಂದಂತೆ ಅಂತ ಮಾತ್ರ ಅವಳ ಮುಂದೆ ಜಾಸ್ತಿ ಕೊಚ್ಚಿಕೊಳ್ಳಬೇಡಿ. ನಾಳೆ 'ಋಷಿ' ಬರೆಸುವಾಗ "ರು ಹಾಕಿದ್ರೆ ಏನಪ್ಪಾ ತಪ್ಪು?" ಅಂತ ಕೇಳ್ತಾಳೆ, ಅಲ್ವಾ?

-ಸಂ.