ಹಡಗು ಹತ್ತುವ ಮುಂಚೆ ಸಿನಿಮಾ

ಪ್ರಶ್ನೆ: ಮಂಡ್ಯದಿಂದ ನಾವು ಆರು ಜನ, ಅಜ್ಜಿನೂ ಸೇರಿ, ಮೆಡಿಟರೇನಿಯನ್ ಕ್ರೂಸ್‌ಗೆ ಹೊರಟಿದ್ದೇವೆ. ಇನ್ನು 30 ದಿನ! ಮಕ್ಕಳು ದಿನಾ ಕ್ಯಾಲೆಂಡರ್‌ಗೆ ಗೀಟು ಹಾಕುತ್ತಿದ್ದಾರೆ. ಅಲ್ಲಿವರೆಗೆ ನಗಿಸುವ ಸಿನಿಮಾ ಯಾವುದು ನೋಡೋಣ?

ಉತ್ತರ: ಮೊದಲು ‘ರೋಮನ್ ಹಾಲಿಡೇ’ ಹಾಕಿ. 1953ರದು, ಕಪ್ಪು-ಬಿಳುಪು, ಆದರೆ ರೋಮ್‌ನಲ್ಲೇ ತೆಗೆದದ್ದು. ಕಲ್ಲಿನ ಮುಖದ ಬಾಯಿಗೆ ಕೈ ಹಾಕುವ ದೃಶ್ಯ ಇದೆಯಲ್ಲ, ಅದಕ್ಕೆ ಭಾಷೆ ಬಾರದ ಅಜ್ಜಿನೂ ನಗುತ್ತಾರೆ, ಆ ಕಲ್ಲು ಈಗಲೂ ಅಲ್ಲಿನ ಒಂದು ಹಳೇ ಚರ್ಚಿನ ಜಗಲಿಯಲ್ಲಿದೆ, ಮಕ್ಕಳೂ ಕೈ ಇಟ್ಟು ಫೋಟೊ ತೆಗೆಸಿಕೊಳ್ಳಬಹುದು. ಒಂದು ಮಾತು. ಹಡಗು ರೋಮ್‌ಗೇ ಹೋಗಲ್ಲ, ಚಿವಿಟವೆಕ್ಕಿಯಾ ಬಂದರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ರೋಮ್ ಮಂಡ್ಯ-ಮೈಸೂರಿಗಿಂತ ಜಾಸ್ತಿ ದೂರ. ವಾಪಸ್ ಬರೋ ರೈಲಿನ ಟೈಮ್ ಮೊದಲೇ ನೋಡಿಟ್ಟುಕೊಳ್ಳಿ, ಹಡಗು ಕಾಯಲ್ಲ.